ಕನ್ಸಲ್ಟೆಂಟ್ ಹೋದ ಮೇಲೆ ಲೀನ್ ಯಾಕೆ ಉಳಿಯುವುದಿಲ್ಲ?

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಯಾವುದಾದರೂ ಮಧ್ಯಮ ಗಾತ್ರದ ಕಾರ್ಖಾನೆಗೆ ಹೋದರೆ ಲೈನಿನ ತುದಿಯಲ್ಲಿ ಒಂದು ಬಿಳಿ ಬೋರ್ಡ್ ಕಾಣುತ್ತದೆ. ಗಂಟೆಗೆ ಎಷ್ಟು ಪೀಸ್ ಆಗಬೇಕಿತ್ತು, ಎಷ್ಟಾಯಿತು, ಕಡಿಮೆಯಾಗಿದ್ದರೆ ಯಾಕೆ ಅಂತ ಬರೆಯುವ ಬೋರ್ಡ್. ಅದರ ಮುಂದೆ ಎರಡು ನಿಮಿಷ ನಿಂತು ನೋಡಿ. ಬೆಳಗಿನ ಹತ್ತು ಗಂಟೆಯ ಅಂಕಿ, ಮಧ್ಯಾಹ್ನ ಮೂರರ ಅಂಕಿ ಎರಡೂ ಒಂದೇ ಮಾರ್ಕರಿನಲ್ಲಿ ಒಂದೇ ಓಟಕ್ಕೆ ಬರೆದ ಹಾಗಿದ್ದರೆ, 'ಕಾರಣ' ಅನ್ನುವ ಕಾಲಂ ಪೂರ್ತಿ ಖಾಲಿ ಇದ್ದರೆ, ಅಲ್ಲಿ ಲೀನ್, ಅಂದರೆ ನಷ್ಟ ಕಡಿಮೆ ಮಾಡುತ್ತಾ ಕಾರ್ಖಾನೆ ನಡೆಸುವ ಪದ್ಧತಿ, ನಿಂತುಹೋಗಿದೆ ಅಂತಲೇ ಲೆಕ್ಕ. ಗೋಡೆಯ ಪೋಸ್ಟರ್, ನೆಲದ ಹಳದಿ ಗೆರೆ ಎಲ್ಲ ಹಾಗೇ ಇರುತ್ತವೆ. ಬೋರ್ಡು ಮಾತ್ರ ಶಿಫ್ಟ್ ಮುಗಿಯುವ ಹೊತ್ತಿಗೆ ಒಟ್ಟಿಗೆ ತುಂಬಿರುತ್ತದೆ.

ಇದು ಯಾವುದೋ ಒಂದು ಕಂಪನಿಯ ಕಥೆಯಲ್ಲ. ಹಾಸನ, ಚಿಕ್ಕಮಗಳೂರು ಕಡೆಯ ಹೊಲಿಗೆ ಘಟಕ, ಲೋಹದ ಹಾಳೆ ಒತ್ತಿ ಭಾಗ ಮಾಡುವ ಪ್ರೆಸ್ ಶಾಪ್, ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್, ಎಲ್ಲ ಕಡೆ ಹೆಚ್ಚುಕಮ್ಮಿ ಹೀಗೇ ನಡೆಯುತ್ತದೆ. ಮೊದಲ ಆರು ತಿಂಗಳು ಭಾರಿ ಉತ್ಸಾಹ. ಕನ್ಸಲ್ಟೆಂಟ್ ಬರುತ್ತಾರೆ, ಮ್ಯಾನೇಜರ್ ದಿನಾ ರೌಂಡ್ಸ್ ಹಾಕುತ್ತಾರೆ, ರಿಜೆಕ್ಷನ್ ಇಳಿಯುತ್ತದೆ, ಗೋಡೌನಿನಲ್ಲಿ ಜಾಗ ಖಾಲಿಯಾಗುತ್ತದೆ. ಸರ್ಟಿಫಿಕೇಟ್ ಬರುತ್ತದೆ, ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಮತ್ತೆ ಹಳೇ ಸ್ಥಿತಿ. ಆಮೇಲೆ ಯಾರಾದರೂ ಹೊಸದಾಗಿ ಲೀನ್ ಅಂದರೆ ಲೈನಿನಲ್ಲಿರುವವರು ಮುಖ ಮುಖ ನೋಡಿಕೊಳ್ಳುತ್ತಾರೆ. ಈ ಕೊನೆಯ ನಷ್ಟವೇ ಎಲ್ಲಕ್ಕಿಂತ ದೊಡ್ಡದು. ಒಂದು ಸಲ ನಂಬಿಕೆ ಹೋದರೆ ಎರಡನೇ ಸಲ ಶುರು ಮಾಡುವುದು ಮೊದಲಿಗಿಂತ ಕಷ್ಟ.

ಇದರಲ್ಲಿ ಸರ್ಕಾರದ ದುಡ್ಡೂ ಇದೆ. ಸಣ್ಣ ಕೈಗಾರಿಕೆಗಳಿಗೆ ಲೀನ್ ಕಲಿಸುವ ಕೇಂದ್ರದ ಯೋಜನೆ 2009ರಿಂದ ಇದೆ. 2023ರ ಮಾರ್ಚ್‌ನಲ್ಲಿ ಅದಕ್ಕೆ ಹೊಸ ರೂಪ ಕೊಟ್ಟು ಬೇಸಿಕ್, ಇಂಟರ್‌ಮೀಡಿಯಟ್, ಅಡ್ವಾನ್ಸ್ಡ್ ಅಂತ ಮೂರು ಹಂತ ಮಾಡಿದರು. ಜಾರಿಗೆ ತರುವ ಖರ್ಚಿನಲ್ಲಿ, ಅಂದರೆ ಸಲಹೆಗಾರರ ಶುಲ್ಕ ಮತ್ತು ಅವರ ಜೊತೆಗಿನ ಕೆಲಸದ ಖರ್ಚಿನಲ್ಲಿ, ಶೇ 90ರಷ್ಟನ್ನು ಸರ್ಕಾರವೇ ಕೊಡುತ್ತದೆ. ಮೊದಲು ಇದು ಶೇ 80 ಇತ್ತು. ಮಹಿಳೆಯರ ಒಡೆತನದ ಘಟಕಕ್ಕೆ, ಎಸ್‌ಸಿ, ಎಸ್‌ಟಿ ಸಮುದಾಯದವರ ಘಟಕಕ್ಕೆ ಇನ್ನೂ ಶೇ 5 ಸಿಗುತ್ತದೆ. ಯೋಜನೆ ಒಳ್ಳೆಯದೇ. ಅರ್ಹತೆ ಇರುವವರು ಖಂಡಿತ ಬಳಸಿಕೊಳ್ಳಬೇಕು. ಆದರೆ ಆ ದುಡ್ಡು ಶುರು ಮಾಡುವುದಕ್ಕೆ ಮಾತ್ರ. ಶುರುವಾದದ್ದನ್ನು ಮೂರನೇ ವರ್ಷಕ್ಕೆ ಉಳಿಸಿಕೊಳ್ಳುವ ಖರ್ಚು ಸರ್ಕಾರದ ಲೆಕ್ಕದಲ್ಲೂ ಇಲ್ಲ, ಕಂಪನಿಯ ಬಜೆಟ್‌ನಲ್ಲೂ ಇಲ್ಲ.

ನಾನು ಹೇಳಬೇಕು ಅಂತಿರುವುದು ಇಷ್ಟು. ಲೀನ್ ಉಳಿಸಿಕೊಳ್ಳುವುದೂ ಒಂದು ಕೆಲಸ. ಅದಕ್ಕೆ ದಿನಾ ಹೊತ್ತು ಬೇಕು, ಆಳು ಬೇಕು, ಆ ಆಳಿಗೆ ಸಂಬಳ ಬೇಕು. ಇದ್ಯಾವುದನ್ನೂ ಕೊಡದೆ 'ನಮ್ಮ ಜನರ ಮನೋಭಾವ ಬದಲಾಗಬೇಕು' ಅಂತ ಮೀಟಿಂಗ್‌ನಲ್ಲಿ ಹೇಳುತ್ತಾ ಕೂತರೆ ಏನೂ ಆಗುವುದಿಲ್ಲ.

ಲೀನ್ ಪರಿಚಯ ಇಲ್ಲದವರಿಗೆ ಎರಡು ಮಾತು. ಎರಡನೇ ಮಹಾಯುದ್ಧದ ನಂತರ ಜಪಾನಿನ ಟೊಯೊಟಾ ಕಂಪನಿಯಲ್ಲಿ ತಾಯಿಚಿ ಓನೊ ಮತ್ತು ಅವರ ಜೊತೆಯವರು ಕಟ್ಟಿಕೊಂಡ ಕೆಲಸದ ರೀತಿ ಇದು. ಆಗ ಆ ಕಂಪನಿಯ ಹತ್ತಿರ ದುಡ್ಡೂ ಇರಲಿಲ್ಲ, ದೊಡ್ಡ ಮಾರುಕಟ್ಟೆಯೂ ಇರಲಿಲ್ಲ. ಹಾಗಾಗಿ ಬೇಡದ್ದನ್ನು ತಯಾರಿಸಿ ರಾಶಿ ಹಾಕುವ ಹಾಗಿರಲಿಲ್ಲ. ಜಾಸ್ತಿ ತಯಾರಿಸುವುದು, ಕಾಯುವುದು, ಸುಮ್ನೆ ಸಾಗಿಸುವುದು, ಬೇಕಿಲ್ಲದ ಸಂಸ್ಕರಣೆ, ದಾಸ್ತಾನು, ಅನಗತ್ಯ ಓಡಾಟ, ದೋಷದ ಪೀಸ್ ಅಂತ ಏಳು ಬಗೆಯ ನಷ್ಟ ಗುರುತಿಸಿದರು. ತಪ್ಪು ಕಂಡ ಕೂಡಲೇ ಲೈನ್ ನಿಲ್ಲಿಸುವ ಅಧಿಕಾರವನ್ನು ಅಲ್ಲಿ ಕೆಲಸ ಮಾಡುವವರ ಕೈಗೇ ಕೊಟ್ಟರು. ಬೇಕಾದಷ್ಟೇ ಮಾಲು ಕೇಳುವ ಕಾನ್‌ಬಾನ್ ಕಾರ್ಡು, ಕೆಲಸದ ಜಾಗವನ್ನು ಅಚ್ಚುಕಟ್ಟಾಗಿ ಇಡುವ ಫೈವ್ ಎಸ್, ಸಣ್ಣ ಸಣ್ಣ ಸುಧಾರಣೆ ಮಾಡುತ್ತಾ ಹೋಗುವ ಕೈಜೆನ್ ಎಲ್ಲ ಇದರ ಸುತ್ತ ಬೆಳೆದ ಉಪಕರಣಗಳು. 'ಲೀನ್' ಅನ್ನುವ ಹೆಸರು ಬಂದಿದ್ದು 1988ರಲ್ಲಿ, ಅಮೆರಿಕದಲ್ಲಿ.

ಈಗ 'ನಮ್ಮ ಜನ ಹೀಗೇ' ಅನ್ನುವ ಮಾತಿಗೆ ಬರೋಣ. ಹಾಸನದಲ್ಲಿ ಇದನ್ನು ಕೇಳದ ಮ್ಯಾನೇಜರ್ ಇಲ್ಲ. ಜಪಾನಿನವರಿಗೆ ಶಿಸ್ತು ರಕ್ತದಲ್ಲೇ ಇದೆ, ನಮ್ಮವರು ಹಬ್ಬ, ಜಾತ್ರೆ, ಸುಗ್ಗಿ ಅಂತ ರಜೆ ಹಾಕುತ್ತಾರೆ, ಇವರನ್ನು ಕಟ್ಟಿಕೊಂಡು ಏನು ಲೀನ್ ಮಾಡುವುದು ಅಂತ. ಇದು ಸುಳ್ಳು ಅಂತ ನಲವತ್ತು ವರ್ಷದ ಹಿಂದೆಯೇ ಸಾಬೀತಾಗಿದೆ. ಸಾಬೀತಾದ ಜಾಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್.

ಅಲ್ಲಿ ಜನರಲ್ ಮೋಟಾರ್ಸ್‌ನ ಒಂದು ಕಾರು ಕಾರ್ಖಾನೆ ಇತ್ತು. ಗೈರುಹಾಜರಿ ವಿಪರೀತ. ಆಡಳಿತಕ್ಕೂ ಕಾರ್ಮಿಕ ಸಂಘಕ್ಕೂ ನಿತ್ಯ ಜಗಳ. ಕಾರುಗಳ ಗುಣಮಟ್ಟ ತೀರಾ ಕಳಪೆ. 1982ರಲ್ಲಿ ಅದನ್ನು ಮುಚ್ಚಿದರು. 1984ರಲ್ಲಿ ಟೊಯೊಟಾ ಮತ್ತು ಜಿಎಂ ಜಂಟಿಯಾಗಿ ಅದೇ ಜಾಗದಲ್ಲಿ ನುಮ್ಮಿ ಅನ್ನುವ ಹೆಸರಿನಲ್ಲಿ ಕಾರ್ಖಾನೆ ತೆರೆದವು. ಕೆಲಸಕ್ಕೆ ತೆಗೆದುಕೊಂಡವರಲ್ಲಿ ಬಹುಪಾಲು ಜನ ಹಳೇ ಕಾರ್ಖಾನೆಯವರೇ. ಅದೇ ಜನ, ಅದೇ ಕಾರ್ಮಿಕ ಸಂಘ. ಸ್ವಲ್ಪ ಕಾಲದಲ್ಲೇ ಅವರು ತಯಾರಿಸಿದ ಕಾರು ಜಪಾನಿನ ಟೊಯೊಟಾ ಕಾರ್ಖಾನೆಯ ಕಾರಿನ ಗುಣಮಟ್ಟಕ್ಕೆ ಹತ್ತಿರ ಬಂತು. ಗೈರುಹಾಜರಿ ಒಂದಂಕಿಗೆ ಇಳಿಯಿತು.

ಏನು ಬದಲಾಯಿತು? ಮೊದಲನೆಯದು, ಕಾರ್ಖಾನೆ ಪೂರ್ತಿ ಓಡುವ ಮೊದಲೇ ಟೀಂ ಲೀಡರ್, ಗ್ರೂಪ್ ಲೀಡರ್‌ಗಳನ್ನು ನೂರಾರು ಸಂಖ್ಯೆಯಲ್ಲಿ ಜಪಾನಿನ ತಕಾವೊಕ ಕಾರ್ಖಾನೆಗೆ ವಾರಗಟ್ಟಲೆ ತರಬೇತಿಗೆ ಕಳಿಸಿದರು. ಕಳಿಸಿದ್ದು ಬರೀ ಮ್ಯಾನೇಜರ್‌ಗಳನ್ನಲ್ಲ, ಲೈನಿನಲ್ಲಿ ನಿಲ್ಲುವವರನ್ನು. ಎರಡನೆಯದು, ಲೈನ್ ನಿಲ್ಲಿಸುವ ಹಗ್ಗ ಎಳೆದರೆ ಬೈಗುಳ ಬರುತ್ತಿರಲಿಲ್ಲ, ಟೀಂ ಲೀಡರ್ ಸಹಾಯಕ್ಕೆ ಓಡಿ ಬರುತ್ತಿದ್ದರು. ಮೂರನೆಯದು ಕೆಲಸದ ಭದ್ರತೆ. 1988ರ ಸುಮಾರಿಗೆ ಅಲ್ಲಿನ ಕಾರಿಗೆ ಬೇಡಿಕೆ ಕುಸಿದು ಲೈನ್ ನಿಧಾನವಾಯಿತು. ಆಗಲೂ ಜನರನ್ನು ತೆಗೆಯಲಿಲ್ಲ. ಕೈ ಖಾಲಿ ಇದ್ದವರನ್ನು ತರಬೇತಿಗೆ, ಕೈಜೆನ್ ಕೆಲಸಕ್ಕೆ ಹಾಕಿದರು.

ಇದರ ಮುಂದಿನ ಭಾಗವೂ ಅಷ್ಟೇ ಮುಖ್ಯ. ಜಿಎಂ ತನ್ನ ಬೇರೆ ಕಾರ್ಖಾನೆಗಳಲ್ಲೂ ಇದನ್ನೇ ಮಾಡಲು ಹೊರಟಿತು. ಹಗ್ಗ ಕಟ್ಟಿದರು, ಬೋರ್ಡ್ ಹಾಕಿದರು, ಟೀಂ ಅಂತ ಹೆಸರಿಟ್ಟರು. ಆದರೆ ಹಗ್ಗ ಎಳೆದವರ ಮೇಲೆ ಮ್ಯಾನೇಜರ್‌ಗಳು ಕೂಗಾಡಿದರು. ಅವರ ಬಡ್ತಿ, ಬೋನಸ್ ಎಲ್ಲ ಎಷ್ಟು ಕಾರು ಹೊರಗೆ ಹೋಯಿತು ಅನ್ನುವ ಲೆಕ್ಕದ ಮೇಲೇ ನಿಂತಿತ್ತು. ಹಾಗಾಗಿ ಕೂಗಾಡಿದ್ದರಲ್ಲಿ ಆಶ್ಚರ್ಯವೂ ಇಲ್ಲ. ಉಪಕರಣ ಅಷ್ಟೂ ಬಂತು, ಅದನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆ ಮಾತ್ರ ಬರಲಿಲ್ಲ. ನಮ್ಮ ಕಡೆ ಆಗುತ್ತಿರುವುದೂ ಇದೇ.

ಈಗ ಹಾಸನಕ್ಕೇ ಬರೋಣ. ಇಲ್ಲಿನ ವಿಶೇಷ ಆರ್ಥಿಕ ವಲಯದಲ್ಲಿ (ಎಸ್‌ಇಝಡ್), ಅದರ ಸುತ್ತಮುತ್ತ ರಫ್ತಿಗೆ ಬಟ್ಟೆ, ಬೆಡ್‌ಶೀಟ್, ಟವೆಲ್ ತಯಾರಿಸುವ ಘಟಕಗಳಿವೆ. ಇಂಥ ಹೊಲಿಗೆ ಘಟಕದಲ್ಲಿ ಒಂದು ಸೂಜಿ ಮುರಿದರೆ ಏನಾಗುತ್ತದೆ ಗೊತ್ತಾ? ಆಪರೇಟರ್ ಕೈ ಎತ್ತುತ್ತಾಳೆ. ಮೆಷಿನ್ ನಿಲ್ಲುತ್ತದೆ. ಮುರಿದ ಸೂಜಿಯ ಎಲ್ಲ ಚೂರೂ ಸಿಗಬೇಕು. ಮೆಷಿನ್ ಕೆಳಗೆ, ಬಟ್ಟೆಯ ಮಡಿಕೆಯಲ್ಲಿ ಆಯಸ್ಕಾಂತ ಹಿಡಿದು ಹುಡುಕುತ್ತಾರೆ. ಸಿಕ್ಕ ಚೂರುಗಳನ್ನು ಜೋಡಿಸಿ ಪೂರ್ತಿ ಸೂಜಿ ಆಯಿತಾ ಅಂತ ನೋಡಿ, ರಿಜಿಸ್ಟರಿನಲ್ಲಿ ಟೇಪ್ ಹಾಕಿ ಅಂಟಿಸುತ್ತಾರೆ. ದಿನ, ಹೊತ್ತು, ಮೆಷಿನ್ ನಂಬರ್, ಸಹಿ. ಅದಾದ ಮೇಲೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೆ ಆ ಬಂಡಲನ್ನು ಬೇರೆ ಇಟ್ಟು ಮೆಟಲ್ ಡಿಟೆಕ್ಟರಿಗೆ ಹಾಕುತ್ತಾರೆ. ಮಗುವಿನ ಬಟ್ಟೆಯೊಳಗೆ ಸೂಜಿಯ ಮೊನೆ ಹೋದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು.

ಈ ಪದ್ಧತಿ ವರ್ಷಾನುಗಟ್ಟಲೆ ಹಾಗೇ ಉಳಿದಿದೆ. ಮ್ಯಾನೇಜರ್ ಬದಲಾದರೂ, ಆಪರೇಟರ್ ಬದಲಾದರೂ, ತಿಂಗಳ ಕೊನೆಯ ಗಡಿಬಿಡಿಯಲ್ಲೂ ನಡೆಯುತ್ತದೆ. ಅದೇ ಘಟಕದಲ್ಲಿ, ಅದೇ ಲೈನಿನ ಪಕ್ಕ, ಫೈವ್ ಎಸ್ ಹೆಸರಿನಲ್ಲಿ ಜೋಡಿಸಿದ ದಾರದ ರ‍್ಯಾಕ್ ಮೂರು ತಿಂಗಳಿಗೇ ಅಸ್ತವ್ಯಸ್ತ. ಜನ ಅವರೇ, ಸೂಪರ್‌ವೈಸರ್ ಅವರೇ. ಹಾಗಾದರೆ ಮನೋಭಾವದ ಮಾತು ಎಲ್ಲಿ ನಿಲ್ಲುತ್ತದೆ?

ವ್ಯತ್ಯಾಸ ಇರುವುದು ಆ ಪದ್ಧತಿಯ ಒಳಗೇ. ಹಳೇ ಸೂಜಿಯ ಚೂರು ಕೊಡದೆ ಹೊಸ ಸೂಜಿ ಸಿಗುವುದಿಲ್ಲ. ಹೊಸ ಸೂಜಿ ಇಲ್ಲದೆ ಕೆಲಸ ಮುಂದೆ ಹೋಗುವುದಿಲ್ಲ. ನಿಯಮ ಪಾಲಿಸುವುದು ಕೆಲಸದ ದಾರಿಯಲ್ಲೇ ಇದೆ, ಅದನ್ನು ಸುತ್ತಿಕೊಂಡು ಹೋಗಲು ಆಗುವುದಿಲ್ಲ. ಸೂಜಿ ಕೊಡುವುದಕ್ಕೇ ಒಬ್ಬರು ನಿಗದಿಯಾಗಿರುತ್ತಾರೆ, ಅದು ಅವರ ಸಂಬಳದ ಕೆಲಸ. ಜೊತೆಗೆ ಹುಡುಕುವುದಕ್ಕೆ ಹೋದ ಹತ್ತು ನಿಮಿಷಕ್ಕೆ ಆಪರೇಟರನ್ನು ಯಾರೂ ಬೈಯುವುದಿಲ್ಲ, ಟಾರ್ಗೆಟ್ ಲೆಕ್ಕದಲ್ಲಿ ಅದಕ್ಕೆ ರಿಯಾಯಿತಿ ಇದೆ. ದಾರದ ರ‍್ಯಾಕಿಗೆ ಇದ್ಯಾವುದೂ ಇಲ್ಲ. ಬಣ್ಣ ತಪ್ಪಿ ಇಟ್ಟರೂ ಕೆಲಸ ನಿಲ್ಲುವುದಿಲ್ಲ, ಜೋಡಿಸುವುದು ಯಾರ ಕೆಲಸವೂ ಅಲ್ಲ, ಜೋಡಿಸುತ್ತಾ ನಿಂತರೆ 'ಪೀಸ್ ಎಲ್ಲಿ?' ಅನ್ನುತ್ತಾರೆ.

ನನಗೆ ಇದು ಇಡೀ ವಿಷಯದ ಕೀಲಿ ಅನ್ನಿಸುತ್ತದೆ. ಹೊಸ ಪದ್ಧತಿ ತರುವ ಮೊದಲು ಮೂರು ಪ್ರಶ್ನೆ ಕೇಳಿದರೆ ಸಾಕು. ಇದನ್ನು ಮಾಡದಿದ್ದರೆ ಮುಂದಿನ ಕೆಲಸ ತಾನಾಗಿ ನಿಲ್ಲುತ್ತದಾ? ಇದನ್ನು ನೋಡಿಕೊಳ್ಳುವುದು ಯಾರ ಹೆಸರಿನಲ್ಲಿದೆ? ಇದಕ್ಕೆ ಹೋಗುವ ನಿಮಿಷಗಳನ್ನು ಟಾರ್ಗೆಟ್‌ನಲ್ಲಿ ಬಿಟ್ಟಿದ್ದೇವಾ? ಮೂರಕ್ಕೂ ಇಲ್ಲ ಅಂತ ಉತ್ತರ ಬಂದರೆ ಆ ಪದ್ಧತಿ ಆಡಿಟ್‌ವರೆಗೆ ಮಾತ್ರ.

ಇಂಥದ್ದು ಪ್ರೆಸ್ ಶಾಪಿನಲ್ಲೂ ಆಗುತ್ತದೆ. ಪ್ರೆಸ್ಸಿನ ಅಚ್ಚು, ಅಂದರೆ ಡೈ ಬದಲಾಯಿಸುವ ಸಮಯ ಇಳಿಸುವುದು ಲೀನ್‌ನ ಹಳೇ ಯಶಸ್ಸುಗಳಲ್ಲಿ ಒಂದು. 1970ರ ಹೊತ್ತಿಗೆ ಜಪಾನಿನ ಎಂಜಿನಿಯರ್ ಶಿಗೆಒ ಶಿಂಗೊ ಟೊಯೊಟಾದ ಸಾವಿರ ಟನ್ನಿನ ಪ್ರೆಸ್ಸಿನಲ್ಲಿ 4 ಗಂಟೆಯ ಕೆಲಸವನ್ನು 3 ನಿಮಿಷಕ್ಕೆ ಇಳಿಸಿದ್ದರು. ಇಲ್ಲಿ ಅಷ್ಟಾಗದಿದ್ದರೂ ಎರಡು ಗಂಟೆಯದ್ದನ್ನು ಅರ್ಧ ಗಂಟೆಗೆ ತಂದವರಿದ್ದಾರೆ. ಎಲ್ಲ ಡೈಗಳಿಗೂ ಒಂದೇ ಅಳತೆಯ ಬೋಲ್ಟ್ ಹಾಕಿ, ಒಂದೇ ಸ್ಪ್ಯಾನರ್ ಸಾಕು ಅನ್ನುವ ಹಾಗೆ ಮಾಡುತ್ತಾರೆ. ಆರು ತಿಂಗಳ ನಂತರ ಪರ್ಚೇಸ್‌ನವರು ಬೇರೆ ವೆಂಡರ್ ಹತ್ತಿರ ಹೊಸ ಡೈ ಮಾಡಿಸುತ್ತಾರೆ. ಬೋಲ್ಟಿನ ಅಳತೆ ಬೇರೆ. ಆರ್ಡರ್‌ನಲ್ಲಿ ಅದನ್ನು ಬರೆಯಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಇಂಥ ಎರಡು ಮೂರು ಡೈ ಬರುವಷ್ಟರಲ್ಲಿ ಅರ್ಧ ಗಂಟೆ ಮತ್ತೆ ಒಂದೂವರೆ ಗಂಟೆ. ಇಲ್ಲಿ ಯಾರ ಸೋಮಾರಿತನವೂ ಇಲ್ಲ. ಸುಧಾರಣೆ ಶಾಪ್ ಫ್ಲೋರಿನಲ್ಲಿ ಆಯಿತು, ಪರ್ಚೇಸ್ ಆರ್ಡರಿನೊಳಗೆ ಹೋಗಲಿಲ್ಲ, ಅಷ್ಟೇ.

ಈ ಎಲ್ಲ ಎಳೆಗಳೂ ಕೊನೆಗೆ ಬಂದು ನಿಲ್ಲುವುದು ಸೂಪರ್‌ವೈಸರ್ ಹತ್ತಿರ. ಅವರ ದಿನ ಹೇಗಿರುತ್ತದೆ ನೋಡಿ. ಬೆಳಿಗ್ಗೆ ಬಂದ ಕೂಡಲೇ ಎಷ್ಟು ಜನ ಬಂದಿದ್ದಾರೆ ಅಂತ ಎಣಿಕೆ. ಹೊಳೆನರಸೀಪುರ ಕಡೆಯ ವ್ಯಾನ್ ತಡವಾಗಿದ್ದರೆ ನಾಲ್ಕು ಜಾಗ ಖಾಲಿ. ಖಾಲಿ ಜಾಗಕ್ಕೆ ಯಾರನ್ನಾದರೂ ಹೊಂದಿಸಬೇಕು. ಒಂದು ಮೆಷಿನ್ ಕೆಟ್ಟಿರುತ್ತದೆ, ಮೆಕ್ಯಾನಿಕ್‌ಗೆ ಫೋನ್. ಸ್ಟೋರಿನಿಂದ ಮಾಲು ಬಂದಿಲ್ಲ, ಅಲ್ಲಿಗೆ ಓಟ. ಹನ್ನೊಂದಕ್ಕೆ ಮೀಟಿಂಗ್. ಬೈಯರ್ ಕಡೆಯವರು ಬಂದರೆ ಅವರ ಹಿಂದೆ. ಇದರ ಮಧ್ಯೆ ಗಂಟೆಗೊಮ್ಮೆ ಬೋರ್ಡ್ ಬರೆಯಬೇಕು, ಕಾರಣ ಹುಡುಕಬೇಕು, ಫೈವ್ ಎಸ್ ಅಂಕ ಹಾಕಬೇಕು, ಹೊಸಬರಿಗೆ ಕಲಿಸಬೇಕು. ಮೂವತ್ತು ನಲವತ್ತು ಜನಕ್ಕೆ ಒಬ್ಬರೇ ಸೂಪರ್‌ವೈಸರ್ ಇರುವುದು ನಮ್ಮ ಕಡೆ ಸಾಮಾನ್ಯ. ನಲವತ್ತು ಜನರ ಹತ್ತಿರ ದಿನಕ್ಕೆ ನಾಲ್ಕೇ ನಾಲ್ಕು ನಿಮಿಷ ನಿಂತು ಕೆಲಸ ಗಮನಿಸಿದರೂ 160 ನಿಮಿಷ ಆಯಿತು. ಎರಡು ಗಂಟೆ ನಲವತ್ತು ನಿಮಿಷ. ಎಲ್ಲಿಂದ ತರಬೇಕು?

ಟೊಯೊಟಾದಲ್ಲಿ ಐದಾರು ಜನಕ್ಕೆ ಒಬ್ಬ ಟೀಂ ಲೀಡರ್ ಇರುತ್ತಾರೆ. ಅವರಿಗೆ ಸಾಮಾನ್ಯವಾಗಿ ಲೈನಿನಲ್ಲಿ ಕಾಯಂ ಜಾಗ ಇರುವುದಿಲ್ಲ. ಯಾರಾದರೂ ಹಗ್ಗ ಎಳೆದರೆ ಹೋಗುವುದು, ಗೈರಾದವರ ಜಾಗ ತುಂಬುವುದು, ಕೆಲಸದ ವಿಧಾನ ತಪ್ಪದ ಹಾಗೆ ನೋಡುವುದು, ಸಣ್ಣ ಸುಧಾರಣೆ ಮಾಡುವುದು ಅವರ ಕೆಲಸ. ಲೀನ್ ಅಂದರೆ ಜನ ಕಡಿಮೆ ಮಾಡುವುದು ಅಂದುಕೊಂಡವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಮಧ್ಯದ ಹಂತದಲ್ಲಿ ಅವರು ನಮಗಿಂತ ಜಾಸ್ತಿ ಜನ ಇಟ್ಟುಕೊಂಡಿದ್ದಾರೆ. ನಾವು ಮೊದಲು ಕತ್ತರಿ ಹಾಕುವುದು ಅಲ್ಲಿಗೇ.

ಹಾಸನದ ಒಂದು ಸಣ್ಣ ಘಟಕಕ್ಕೆ ಐದು ಜನಕ್ಕೊಬ್ಬ ಲೀಡರ್ ಇಡಲು ಆಗುವುದಿಲ್ಲ, ನಿಜ. ಆದರೆ ನಲವತ್ತು ಜನರ ಲೈನಿನಲ್ಲಿ ಅನುಭವ ಇರುವ ಇಬ್ಬರನ್ನು ಮೆಷಿನ್ ಮೇಲಿಂದ ಬಿಡಿಸಿ, ಸ್ವಲ್ಪ ಸಂಬಳ ಜಾಸ್ತಿ ಕೊಟ್ಟು, ಕಲಿಸುವುದು ಮತ್ತು ಗಮನಿಸುವುದು ನಿಮ್ಮ ಕೆಲಸ ಅಂತ ಹೇಳಲು ಆಗುತ್ತದೆ. ಇಬ್ಬರ ಪೀಸ್ ಹೋಯಿತು ಅಂತ ಮಾಲೀಕರಿಗೆ ಮೊದಲು ಹೊಟ್ಟೆ ಉರಿಯುತ್ತದೆ. ರೀವರ್ಕ್‌ಗೆ, ರಿಜೆಕ್ಷನ್‌ಗೆ, ಗೈರಾದವರ ಜಾಗ ಖಾಲಿ ಬಿಟ್ಟಿದ್ದಕ್ಕೆ ಹೋಗುವ ದುಡ್ಡನ್ನು ಒಂದು ತಿಂಗಳು ಕೂತು ಲೆಕ್ಕ ಹಾಕಿ ಪಕ್ಕದಲ್ಲಿ ಇಟ್ಟು ನೋಡಲಿ. ಆಮೇಲೆ ತೀರ್ಮಾನ ಮಾಡಲಿ.

ಇನ್ನೊಂದು ಮಾತನ್ನು ಮೀಟಿಂಗ್‌ಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಭಯ. ಹತ್ತು ಜನ ಮಾಡುತ್ತಿದ್ದ ಕೆಲಸವನ್ನು ಎಂಟು ಜನ ಮಾಡಬಹುದು ಅಂತ ಕೈಜೆನ್‌ನಲ್ಲಿ ಗೊತ್ತಾಯಿತು ಅಂದುಕೊಳ್ಳಿ. ಉಳಿದ ಇಬ್ಬರು ಏನಾಗುತ್ತಾರೆ? ಮುಂದಿನ ವಾರ ಕಾಂಟ್ರಾಕ್ಟರ್ ಅವರಿಗೆ 'ನಾಳೆಯಿಂದ ಬರಬೇಡಿ' ಅಂದರೆ, ಆ ಲೈನಿನಲ್ಲಿ ಇನ್ನೊಂದು ಸಲಹೆ ಹುಟ್ಟುವುದಿಲ್ಲ. ಓಟಿಯದ್ದೂ ಇದೇ ಕಥೆ. ಕಾನೂನಿನ ಪ್ರಕಾರ ಓವರ್‌ಟೈಮ್‌ಗೆ ಎರಡು ಪಟ್ಟು ಕೂಲಿ. ಎಷ್ಟೋ ಮನೆಗಳ ಚೀಟಿ ದುಡ್ಡು, ಮಕ್ಕಳ ಫೀಸು ನಡೆಯುವುದು ಓಟಿ ಮೇಲೆ. ಕೆಲಸ ಸರಾಗವಾಗಿ ಓಟಿ ನಿಂತರೆ ಕಂಪನಿಗೆ ಲಾಭ, ಆಪರೇಟರ್ ಮನೆಗೆ ನಷ್ಟ. ಹೀಗಿರುವಾಗ ಅವರು ಮನಸ್ಸಿಟ್ಟು ಲೀನ್ ಮಾಡಬೇಕು ಅಂತ ಕೇಳುವುದು ನ್ಯಾಯವಲ್ಲ, ಅಲ್ವಾ? ಉಳಿತಾಯದಲ್ಲಿ ಒಂದು ಪಾಲು ತಿಂಗಳ ಸಂಬಳದಲ್ಲಿ ಕಾಣಿಸಬೇಕು. ಗೋಡೆಯ ಮೇಲೆ 'ತಿಂಗಳ ಉತ್ತಮ ಕಾರ್ಮಿಕ' ಅಂತ ಫೋಟೋ ಹಾಕಿದರೆ ಸಂತೋಷ, ಆದರೆ ಅದರಿಂದ ಫೀಸು ಕಟ್ಟಲು ಆಗುವುದಿಲ್ಲ.

ಲೀನ್ ಹುಟ್ಟಿದ ಕಂಪನಿಯೂ ಇದರಿಂದ ತಪ್ಪಿಸಿಕೊಂಡಿಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2020ರ ನವೆಂಬರ್‌ನಲ್ಲಿ ಮುಷ್ಕರ, ಲಾಕ್‌ಔಟ್ ಎರಡೂ ಆದವು. ಕೆಲಸದ ಹೊರೆ ಜಾಸ್ತಿಯಾಗಿದೆ ಅನ್ನುವುದು ಕಾರ್ಮಿಕ ಸಂಘದ ದೂರುಗಳಲ್ಲಿ ಒಂದಾಗಿತ್ತು. ಯಾರ ಕಡೆ ಎಷ್ಟು ಸರಿ ಅನ್ನುವ ಚರ್ಚೆ ಇಲ್ಲಿ ಬೇಡ. ಮಾಡುವವರ ಮೈಗೆ ಎಷ್ಟು ಭಾರ ಬೀಳುತ್ತಿದೆ ಅನ್ನುವ ಪ್ರಶ್ನೆಯನ್ನು ಯಾವ ಪದ್ಧತಿಯೂ ಬದಿಗಿಟ್ಟು ಬಾಳಲಾರದು ಅನ್ನುವುದಕ್ಕೆ ಹೇಳಿದೆ.

ಇನ್ನು ಬದಲಾಗುತ್ತಲೇ ಇರುವ ಜನ. ರಾಗಿ ಕೊಯ್ಲು, ಜೋಳ, ಶುಂಠಿ ಕೀಳುವ ಹೊತ್ತು ಬಂದರೆ ಹಳ್ಳಿಯಿಂದ ಬರುವವರು ರಜೆ ಹಾಕಿಯೇ ಹಾಕುತ್ತಾರೆ. ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲೂ ಹಾಗೇ. ಇದು ಪ್ರತಿ ವರ್ಷ ಮೊದಲೇ ಗೊತ್ತಿರುವ ಸಂಗತಿ. ಮೊದಲೇ ಗೊತ್ತಿರುವುದನ್ನು ಅಶಿಸ್ತು ಅನ್ನುವುದಕ್ಕಿಂತ ಪ್ಲಾನಿಂಗ್‌ನಲ್ಲಿ ಸೇರಿಸಿಕೊಳ್ಳುವುದು ಮೇಲು. ಒಬ್ಬೊಬ್ಬರಿಗೂ ಎರಡು ಮೂರು ಮೆಷಿನ್ ಬರುವ ಹಾಗೆ ಕಲಿಸಿ, ಯಾರಿಗೆ ಏನು ಬರುತ್ತದೆ ಅಂತ ಚಾರ್ಟ್ ಇಟ್ಟುಕೊಂಡರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ. ಆ ಚಾರ್ಟೂ ಎಲ್ಲ ಕಡೆ ಇದೆ. ಅದರಲ್ಲಿ ಕೆಲಸ ಬಿಟ್ಟು ಹೋದವರ ಹೆಸರೂ ಇದೆ.

ಕಲಿಸುವುದರ ಬಗ್ಗೆ ಜಪಾನಿನವರೂ ಬೇರೆಯವರಿಂದಲೇ ಕಲಿತರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಲಕ್ಷಗಟ್ಟಲೆ ಹೊಸಬರು ಬಂದರು. ಅವರನ್ನು ಬೇಗ ತಯಾರು ಮಾಡಲು ಅಲ್ಲಿನ ಸರ್ಕಾರ ಸೂಪರ್‌ವೈಸರ್‌ಗಳಿಗೆ ಕಲಿಸುವ ವಿಧಾನವನ್ನೇ ಕಲಿಸಿತು. ಟ್ರೈನಿಂಗ್ ವಿದಿನ್ ಇಂಡಸ್ಟ್ರಿ, ಚಿಕ್ಕದಾಗಿ ಟಿಡಬ್ಲ್ಯುಐ ಅಂತ ಅದರ ಹೆಸರು. ಕಲಿಯುವವರನ್ನು ಸಿದ್ಧಗೊಳಿಸು, ಮಾಡಿ ತೋರಿಸು, ಅವರ ಕೈಯಲ್ಲಿ ಮಾಡಿಸು, ಆಮೇಲೆ ಬಂದು ಬಂದು ನೋಡು, ಹೀಗೆ ನಾಲ್ಕು ಹೆಜ್ಜೆ. ಕಲಿಯುವವರು ಕಲಿತಿಲ್ಲ ಅಂದರೆ ಕಲಿಸುವವರು ಕಲಿಸಿಲ್ಲ ಅನ್ನುವುದು ಅದರ ಘೋಷಣೆ. ಯುದ್ಧ ಮುಗಿದ ಮೇಲೆ ಅಮೆರಿಕ ಇದನ್ನು ಕೈಬಿಟ್ಟಿತು, ಟೊಯೊಟಾ ಹಿಡಿದುಕೊಂಡಿತು. ನಮ್ಮಲ್ಲಿ ಹೊಸಬರನ್ನು ಪಕ್ಕದ ಆಪರೇಟರ್ ಹತ್ತಿರ ಕೂರಿಸಿ 'ನೋಡ್ಕೋ' ಅನ್ನುವುದೇ ತರಬೇತಿ. ಆ ಪಕ್ಕದವಳಿಗೂ ಟಾರ್ಗೆಟ್ ಇದೆ. ಅವಳು ಯಾವಾಗ ಕಲಿಸಬೇಕು?

ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಇದು ಇನ್ನೂ ಕಠಿಣ. ಅರೇಬಿಕಾ ಕೊಯ್ಲು ಶುರುವಾಗುವುದು ನವೆಂಬರ್ ಸುಮಾರಿಗೆ, ರೊಬಸ್ಟಾ ಜನವರಿ ಮೇಲೆ. ಫೆಬ್ರುವರಿ, ಮಾರ್ಚ್‌ನಲ್ಲಿ ವರ್ಕ್ಸ್ ಗೇಟಿನ ಮುಂದೆ ಲಾರಿ ಸಾಲು. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು), ಚೆರ್ರಿ (ಹಣ್ಣು ಸಮೇತ ಒಣಗಿಸಿದ್ದು) ಮೂಟೆಗಳು ಬಂದು ಒಣಗಿ, ಹಲ್ಲಿಂಗ್‌ನಲ್ಲಿ ಹೊಟ್ಟು ಹೋಗಿ, ಗ್ರೇಡಿಂಗ್ ಆಗಿ, ಕಪ್ಪು ಬೀಜ, ಒಡೆದ ಬೀಜ ಆರಿಸಿ ಹೊರಗೆ ಹೋಗಬೇಕು. ಒಬ್ಬ ಬೆಳೆಗಾರರ ಲಾಟ್ ಇನ್ನೊಬ್ಬರದರ ಜೊತೆ ಸೇರಬಾರದು. ಕೆಲಸ ಕೆಲವೇ ತಿಂಗಳು, ಜನರೂ ಕೆಲವೇ ತಿಂಗಳಿಗೆ ಬರುವವರು.

ಚಿಕ್ಕಮಗಳೂರು ಕಡೆಯ ಒಂದು ವರ್ಕ್ಸ್‌ನಲ್ಲಿ ಕಂಡದ್ದು ಹೇಳುತ್ತೇನೆ. ಮೊದಲು ಮೂಟೆಗಳನ್ನು ಇಳಿಸಿ, ಗೋಡೌನಿನಲ್ಲಿ ಅಟ್ಟಿ ಹಾಕಿ, ಆಮೇಲೆ ಸ್ಯಾಂಪಲ್ ತೆಗೆದು ಆಫೀಸಿನಲ್ಲಿ ತೇವಾಂಶ ನೋಡುತ್ತಿದ್ದರು. ತೇವ ಜಾಸ್ತಿ ಇದೆ ಅಂತ ಗೊತ್ತಾದರೆ ಅಟ್ಟಿ ಬಿಚ್ಚಿ, ಮತ್ತೆ ಹೊತ್ತು, ಕಣಕ್ಕೆ ಹಾಕಬೇಕು. ಹಮಾಲರಿಗೆ ಎರಡು ಸಲ ಕೆಲಸ, ಲಾರಿಗೆ ಕಾಯುವ ಕೆಲಸ. ಒಂದು ಸೀಸನ್‌ನಲ್ಲಿ ತೇವಾಂಶ ಅಳೆಯುವ ಮೀಟರನ್ನು ಲಾರಿ ತೂಕ ಹಾಕುವ ವೇಬ್ರಿಜ್ ಪಕ್ಕದ ಕೋಣೆಗೆ ತಂದರು. ಲಾರಿ ತೂಕ ಆಗುವಾಗಲೇ ಸ್ಯಾಂಪಲ್ ನೋಡಿ, ಒಣಗಬೇಕಾದ್ದು ನೇರ ಕಣಕ್ಕೆ, ಒಣಗಿದ್ದು ಗೋಡೌನಿಗೆ. ಖರ್ಚು ಒಂದು ಮೇಜು, ಒಂದು ಪ್ಲಗ್ ಪಾಯಿಂಟ್. ಗೇಟಿನ ಮುಂದಿನ ಸಾಲು ಕಣ್ಣಿಗೆ ಕಾಣುವ ಹಾಗೆ ಕರಗಿತು. ಮುಂದಿನ ಸೀಸನ್‌ಗೆ ನೋಡಿದರೆ ಮೀಟರ್ ಮತ್ತೆ ಆಫೀಸಿನ ಬೀರುವಿನಲ್ಲಿ. ದುಬಾರಿ ವಸ್ತು, ಗೇಟಿನ ಹತ್ತಿರ ಬಿಟ್ಟರೆ ಹಾಳಾಗುತ್ತದೆ ಅಂತ ಮಳೆಗಾಲದಲ್ಲಿ ಒಳಗೆ ಇಟ್ಟಿದ್ದರು. ಅದನ್ನು ಶುರು ಮಾಡಿದ್ದ ಹುಡುಗ ಬೇರೆ ಕಡೆ ಕೆಲಸಕ್ಕೆ ಹೋಗಿದ್ದ. ಹೊಸದಾಗಿ ಬಂದವರಿಗೆ ಅದು ಹೊರಗೆ ಯಾಕಿತ್ತು ಅನ್ನುವುದೇ ಗೊತ್ತಿಲ್ಲ. ಯಾರೂ ವಿರೋಧಿಸಲಿಲ್ಲ, ಯಾರೂ ನಿರ್ಧಾರ ಮಾಡಿ ನಿಲ್ಲಿಸಲಿಲ್ಲ. ಸೀಸನ್ ಶುರುವಾಗುವ ಮೊದಲು ಏನೇನು ಎಲ್ಲೆಲ್ಲಿ ಇರಬೇಕು ಅಂತ ಒಂದು ಹಾಳೆ ಬರೆದಿಟ್ಟಿದ್ದರೆ, ಅದನ್ನು ಓದಿ ನೋಡುವುದು ಒಬ್ಬರ ಕೆಲಸವಾಗಿದ್ದರೆ, ಆ ಮೀಟರ್ ಇವತ್ತೂ ಗೇಟಿನ ಹತ್ತಿರ ಇರುತ್ತಿತ್ತು.

ದಾಸ್ತಾನಿನ ಬಗ್ಗೆ ಒಂದು ಎಚ್ಚರಿಕೆ. ಲೀನ್ ಅಂದರೆ ಸ್ಟಾಕ್ ಸೊನ್ನೆ ಅಂತ ಹೇಳಿಕೊಡುವವರ ಮಾತು ಕೇಳಬೇಡಿ. 2024ರ ಜುಲೈನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಹೆದ್ದಾರಿ ನಿಂತಿತು, ರೈಲು ಹಳಿಯೂ ಹಾಳಾಯಿತು. ಮಂಗಳೂರಿನ ಬಂದರನ್ನು ನಂಬಿರುವವರು ಮಳೆಗಾಲದಲ್ಲಿ ಒಂದಿಷ್ಟು ಸ್ಟಾಕ್ ಇಟ್ಟುಕೊಳ್ಳಲೇಬೇಕು. 2011ರ ಭೂಕಂಪದ ನಂತರ ಟೊಯೊಟಾ ಕೂಡ ಚಿಪ್ ಸರಬರಾಜುದಾರರಿಂದ ಎರಡರಿಂದ ಆರು ತಿಂಗಳ ದಾಸ್ತಾನು ಇಡಿಸಿತ್ತು. 2021ರ ಚಿಪ್ ಕೊರತೆಯ ಮೊದಲ ತಿಂಗಳುಗಳಲ್ಲಿ ಬೇರೆ ಕಂಪನಿಗಳು ಲೈನ್ ನಿಲ್ಲಿಸುವಾಗ ಅದು ಹೆಚ್ಚು ತೊಂದರೆ ಇಲ್ಲದೆ ಓಡಿತು.

ಹೊರಗಿನ ಒತ್ತಡಗಳೂ ಇವೆ. ಗ್ರಾಹಕ ಕಂಪನಿ ತಿಂಗಳ ಇಪ್ಪತ್ತೈದನೇ ತಾರೀಖಿಗೆ ಆರ್ಡರ್ ಬದಲಾಯಿಸಿದರೆ ಸಣ್ಣ ಸರಬರಾಜುದಾರ ಎಷ್ಟು ಶಿಸ್ತಿನಿಂದ ಇದ್ದರೂ ಕೊನೆಯ ವಾರ ಗೊಂದಲವೇ. ದೊಡ್ಡ ಕಂಪನಿಗಳು ವೆಂಡರ್‌ಗಳಿಗೆ ಲೀನ್ ಪಾಠ ಹೇಳುವ ಮೊದಲು ತಮ್ಮ ಆರ್ಡರನ್ನು ಸಮವಾಗಿ ಕೊಡಬೇಕು. 2025ರ ಆಗಸ್ಟ್ ಕೊನೆಗೆ ಅಮೆರಿಕ ಭಾರತದ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ಜವಳಿ ರಫ್ತು ಮಾಡುವವರಿಗೆ ದೊಡ್ಡ ಪೆಟ್ಟು ಬಿತ್ತು. ಇಂಥ ಹೊತ್ತಿನಲ್ಲಿ ಮೊದಲು ನಿಲ್ಲುವುದು ತರಬೇತಿ, ಮೊದಲು ಮನೆಗೆ ಹೋಗುವುದು ಹೆಲ್ಪರ್‌ಗಳು. ಆರ್ಡರ್ ಇಲ್ಲದಾಗ ದುಡ್ಡೂ ಇರುವುದಿಲ್ಲ, ಮಾಲೀಕರ ಕಷ್ಟ ಸುಳ್ಳಲ್ಲ. ಆದರೆ ಆರ್ಡರ್ ತುಂಬಿದ್ದಾಗ ಕಲಿಸಲು ಹೊತ್ತಿಲ್ಲ, ಖಾಲಿ ಇದ್ದಾಗ ದುಡ್ಡಿಲ್ಲ ಅಂದರೆ ಕಲಿಸುವುದು ಯಾವ ತಿಂಗಳಲ್ಲಿ? ಫ್ರೀಮಾಂಟ್‌ನಲ್ಲಿ ಬೇಡಿಕೆ ಬಿದ್ದ ತಿಂಗಳುಗಳಲ್ಲೇ ಕಲಿಸಿದ್ದರು. ಪೂರ್ತಿ ಅಷ್ಟು ಮಾಡಲು ಆಗದವರು ಲೈನಿಗೆ ಇಬ್ಬರನ್ನಾದರೂ ಆ ತಿಂಗಳುಗಳಲ್ಲಿ ಉಳಿಸಿಕೊಂಡು ಕಲಿಸಬಹುದು.

ಕ್ಯೂರಿಂಗ್ ವರ್ಕ್ಸ್‌ನವರಿಗೆ ಇದು ಇನ್ನೂ ಸುಲಭ. ಅವರ ಖಾಲಿ ತಿಂಗಳು ಯಾವುದು ಅಂತ ಅವರಿಗೆ ಮೊದಲೇ ಗೊತ್ತು. ಕಳೆದ ಸೀಸನ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿದ ನಾಲ್ಕೈದು ಹೆಂಗಸರನ್ನು ಮೊದಲ ಲಾರಿ ಬರುವುದಕ್ಕೆ ಎರಡು ದಿನ ಮುಂಚೆ ಪೂರ್ತಿ ಕೂಲಿ ಕೊಟ್ಟು ಕರೆಸಬಹುದು. ಮೇಜು ಎಲ್ಲಿರಬೇಕು, ಲಾಟ್ ಚೀಟಿ ಹೇಗೆ ಕಟ್ಟಬೇಕು, ಹೊಸಬರು ಎಲ್ಲಿ ತಪ್ಪುತ್ತಾರೆ ಅಂತ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬಹುದು. ಹೊಸಬರಿಗೆ ಮೊದಲ ವಾರ ಕಲಿಸುವುದನ್ನು ಅವರಿಗೇ ಬಿಡಬಹುದು. ಆ ವಾರ ಅವರು ಎಷ್ಟು ಕಿಲೋ ಆರಿಸಿದರು ಅಂತ ಲೆಕ್ಕ ಕೇಳದೆ ಕೂಲಿ ಕೊಟ್ಟರಾಯಿತು.